ಕುಂಕುಮ ಹಚ್ಚಿಕೊಂಡ ಇಲಿ

ಅನಘಾ, ಓಂಕಾರ, ಇಬ್ಬರೂ ಕೇಳಿ. ಇವತ್ತು ಮುಂಜಾನೆ ನನ್ನ ಮಂಚದ ಕೆಳಗೆ ಕಸ ಗುಡಿಸುವಾಗ ಪೊರಕೆಗೆ ಒಂದು ಇಲಿ ಸಿಕ್ಕಿತು. ಹೆದರಬೇಡಿ, ಜೀವದ ಇಲಿಯಲ್ಲ. ನಮ್ಮ ಬೆಕ್ಕು ಚಿವಡಾಳ ಬೂದು ಬಟ್ಟೆಯ ಇಲಿ. ಅದಕ್ಕೆ ಈಗ ಒಂದು ಕಿವಿ ಇಲ್ಲ, ಬಾಲ ಅರ್ಧ ಇದೆ. ಹಣೆಯ ಮೇಲಿನ ಕುಂಕುಮದ ಕಲೆ ಮಾತ್ರ ಎಷ್ಟು ತೊಳೆದರೂ ಹೋಗಿಲ್ಲ. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡೇ ಬರೆಯಲು ಕುಳಿತಿದ್ದೇನೆ.

ನಿಮಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಊರಿಗೆ ಹೋದಾಗ ಅನಘಾ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಓಂಕಾರನಿಗೆ ನಮ್ಮ ಅಕ್ಷರಗಳೆಲ್ಲ ಚಕ್ಕುಲಿಯಂತೆ ಕಾಣುತ್ತವಂತೆ. ಅದೇ ನನಗೆ ಧೈರ್ಯ. ನೀವು ಇದನ್ನು ಓದುವಷ್ಟು ದೊಡ್ಡವರಾಗುವ ಹೊತ್ತಿಗೆ ನಾಚಿಕೊಳ್ಳಲು ನಾನು ಎದುರಿಗೆ ಇರಬೇಕಾಗಿಲ್ಲ. ನಿಮಗೆ ಗೊತ್ತಲ್ಲ, ನಾನು ನಾಚಿಕೆಯ ಹೆಂಗಸು. ಸವದತ್ತಿ ಕಡೆಯ ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಮುಂದೆ ಕುಳಿತವಳ ಜಡೆ ನೋಡುತ್ತ ಕುಳಿತುಬಿಡುತ್ತಿದ್ದೆ. ಆ ಜಡೆಯ ರಿಬ್ಬನ್ನಿನ ಬಣ್ಣ ಇವತ್ತಿಗೂ ನೆನಪಿದೆ. ಪ್ರಶ್ನೆಗಳು ನೆನಪಿಲ್ಲ.

ಊರ ಮನೆಯಲ್ಲೂ ಒಂದು ಬೆಕ್ಕು ಇತ್ತು. ಅದಕ್ಕೆ ಹೆಸರಿರಲಿಲ್ಲ. ಬೆಕ್ಕು ಅಂತಲೇ ಕರೆಯುತ್ತಿದ್ದೆವು, ಅದೂ ಹೊರಗೆ ಹಾಕುವಾಗ ಮಾತ್ರ. ಅದಕ್ಕೆ ಆಟಿಕೆ ಇರಲಿಲ್ಲ, ನೌಕರಿ ಇತ್ತು. ಜೋಳದ ಚೀಲ ಒಟ್ಟಿದ ಕೋಣೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಹಾಲು ಕಾಸಿದಾಗ ನಮ್ಮವ್ವ ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಹಾಕುವಳು, ಅದೇ ಪಗಾರ. ಹಗಲೆಲ್ಲ ಒಲೆಯ ಮಗ್ಗುಲಲ್ಲಿ ನಿದ್ದೆ. ಅದಕ್ಕೆ ಬೇಸರ ಬಂದದ್ದನ್ನು ನಾನು ಕಂಡಿಲ್ಲ. ನಮಗೇ ಬೇಸರ ಬರಲು ಬಿಡುತ್ತಿರಲಿಲ್ಲ. "ಅವ್ವಾ, ಬ್ಯಾಸರ ಆಗೇದ" ಅಂದರೆ ಮೊರದ ತುಂಬ ತೊಗರಿಬೇಳೆ ತಂದು ಮುಂದೆ ಇಡುತ್ತಿದ್ದಳು, ಹಳ್ಳು ಆರಿಸು ಅಂತ.

ನಮಗೂ ಕೊಂಡು ತಂದ ಆಟಿಕೆ ಇರಲಿಲ್ಲ. ಬಳೆಚೂರು, ಹುಣಸೆಬೀಜ, ಮಳೆಗಾಲದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ ಮಾಡಿಕೊಡುತ್ತಿದ್ದ ಕೆಸರಿನ ಎತ್ತು. ಆ ಎತ್ತುಗಳನ್ನು ಕಂಡರೆ ಕೈ ತುರಿಸುತ್ತಿತ್ತು. ಆದರೆ ಮುಟ್ಟುವಂತಿರಲಿಲ್ಲ. ಪೂಜೆಗೆ ಇಟ್ಟದ್ದು ಆಟಕ್ಕಲ್ಲ, ಅದು ನೀರಿಗೆ, ಎಂಬುದು ನಮ್ಮ ಮನೆಯ ಕಾಯಿದೆ. ಈ ಕಾಯಿದೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರಿಂದಲೇ ನನ್ನ ಮಾನ ಹೋಗುವುದಿದೆ.

ಚಿವಡಾ ಪುಣೆ ಹತ್ತಿರದ ಈ ಚಿಂಚವಾಡದ ಮನೆಗೆ ಬಂದದ್ದು ಅನಘಾಳ ತಳೇಗಾಂವದ ಟೀಚರ್ ಕಡೆಯಿಂದ, ರಟ್ಟಿನ ಡಬ್ಬಿಯಲ್ಲಿ. ಕಪ್ಪು, ಕಂದು, ಹಳದಿ ಎಲ್ಲ ಕಲೆಸಿದ ಮೈ. ನಿಮ್ಮ ಅಪ್ಪ ಚಹಾದ ಜೊತೆ ಅವಲಕ್ಕಿ ಚಿವಡಾ ತಿನ್ನುತ್ತಿದ್ದ. ಬಟ್ಟಲು ನೋಡಿದ, ಮರಿ ನೋಡಿದ, "ಎರಡೂ ಒಂದ ಅವ" ಅಂದ. ಹೆಸರು ನಿಂತಿತು.

ಆದರೆ ನಾಲ್ಕನೆಯ ಮಹಡಿಗೆ ಇಲಿ ಎಲ್ಲಿಂದ ಬರಬೇಕು? ನೌಕರಿ ಇಲ್ಲದ ಜೀವ. ಅಪ್ಪ ಪಿಂಪ್ರಿಯ ಕಾರ್ಖಾನೆಗೆ, ಅಮ್ಮ ಬ್ಯಾಂಕಿಗೆ, ನೀವು ಶಾಲೆಗೆ. ಮನೆಯಲ್ಲಿ ಉಳಿದವರು ಒಂದು ಬೆಕ್ಕು, ಒಂದು ಮುದುಕಿ. ಇಬ್ಬರೂ ಕಿಟಕಿಯಲ್ಲಿ ಕುಳಿತು ಪಾರಿವಾಳ ನೋಡುವುದು. ನಾನು ನೋಡಿ ಸುಮ್ಮನಿರುತ್ತಿದ್ದೆ, ಅವಳು ಸುಮ್ಮನಿರಲಿಲ್ಲ. ಸೋಫಾದ ಮೂಲೆ ಕೆರೆದು ನೂಲು ತೆಗೆದಳು. ಪರದೆ ಹತ್ತಿ ಕೊಂಡಿಯ ಸಮೇತ ಇಳಿದಳು. ಒಂದು ದಿನ ಬ್ಯಾಂಕಿಗೆ ಹೊರಟ ನಿಮ್ಮ ಅಮ್ಮ ವಿದ್ಯಾಳ ಹಿಮ್ಮಡಿಗೆ ಎರಗಿ ಸೀರೆಯ ಫಾಲ್ ಹರಿದಳು.

"ಅತ್ತಿ, ನನಗೂ ಆಕಿ ಮ್ಯಾಲೆ ಸಿಟ್ಟಿಲ್ರಿ," ಅಂದಳು ವಿದ್ಯಾ, ಸೀರೆ ಬದಲಿಸಿ ಬಂದು. "ಆದ್ರ ದಿನಾ ಹಿಂಗಾದ್ರ ಹೆಂಗ್ರಿ? ಗಣಪತಿ ಮುಗಿಯೂತನಾ ನೋಡ್ತೀನಿ. ಸುಧಾರಿಸಲಿಲ್ಲಂದ್ರ ತಳೇಗಾಂವಕ್ಕ ಬಿಟ್ಟು ಬರೂದ. ಟೀಚರ್ ಮನಿ ಹಿಂದ ದೊಡ್ಡ ಹಿತ್ತಲ ಅದ, ಆಕಿಗೂ ಚೊಲೋ."

ನೀವಿಬ್ಬರೂ ಗೊಳೋ ಎಂದು ಅತ್ತಿರಿ. ನನಗೆ ಅಳಲು ನಾಚಿಕೆ. ಅಡಿಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಲು ಕುಳಿತೆ. ಅವತ್ತಿನ ಅಡಿಗೆಗೆ ಉಳ್ಳಾಗಡ್ಡಿ ಬೇಕಾಗಿರಲಿಲ್ಲ.

ಪ್ರಾಣಿಗಳ ಡಾಕ್ಟರ್ ಒಬ್ಬ ಹುಡುಗಿ. ಚಿವಡಾಳ ಹಲ್ಲು, ಕಿವಿ, ಹೊಟ್ಟೆ ಎಲ್ಲ ನೋಡಿ, "ಕಾಹೀ ಝಾಲೇಲಂ ನಾಹೀ. ಕಂಟಾಳಲೀಯೆ ತೀ" ಅಂದಳು. ಏನೂ ಆಗಿಲ್ಲ, ಬೇಸರ ಬಂದಿದೆ ಅಷ್ಟೆ. ದಿನಕ್ಕೆ ಎರಡು ಸಲ ಯಾರಾದರೂ ಕೂತು ಆಡಿಸಬೇಕು, ಆಟಿಕೆ ತನ್ನಿ, ದಾರ ಮಾತ್ರ ಕೊಡಬೇಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಬೆಕ್ಕಿನ ಮುಂದೆ ತೊಗರಿಬೇಳೆ ಇಡುವಂತಿಲ್ಲವಲ್ಲ. ದಿನವಿಡೀ ಮನೆಯಲ್ಲಿರುವವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ನೋಡಿದರು.

ಅದಕ್ಕೇ ಆ ಭಾನುವಾರ ಲೋಕಲ್ ರೈಲು ಹತ್ತಿ, ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಪುಣೆ ಕ್ಯಾಂಪಿನ ಅಂಗಡಿಗೆ ಹೋದದ್ದು. ಅಂಗಡಿಯಲ್ಲಿ ಒಂದು ಇಡೀ ಗೋಡೆ ಬೆಕ್ಕಿನ ಆಟಿಕೆಗೇ ಮೀಸಲು. ನಾನು ಮದುವೆಯ ಸೀರೆಯನ್ನೂ ಅಷ್ಟೊಂದರಲ್ಲಿ ಆರಿಸಿಕೊಂಡವಳಲ್ಲ. ಅಂಗಡಿಯವನು ನನ್ನನ್ನೇ ಹಿರಿಯಳೆಂದು ಹಿಡಿದು, "ವಯ ಕಿತೀ, ಆಜೀ?" ಎಂದು ಕೇಳಿದ. ಗಾಬರಿಯಲ್ಲಿ ನನ್ನ ವಯಸ್ಸು ಹೇಳಿಬಿಟ್ಟೆ. ಅವನು ನಗದೆ ನಿಂತದ್ದು ಅವನ ದೊಡ್ಡತನ. "ಏಕ ವರ್ಷ, ಮಾಂಜರಾಚಂ" ಎಂದು ಅನಘಾ ತಿದ್ದಿದಳು, ಅವನು ಕೇಳಿದ್ದು ಬೆಕ್ಕಿನ ವಯಸ್ಸು. ಆಮೇಲೆ ನಾನು ಬಾಯಿ ತೆರೆಯಲಿಲ್ಲ, ಬೆರಳು ತೋರಿಸುತ್ತ ಹೋದೆ. ಗೆಜ್ಜೆಯ ಚೆಂಡು, ಕೆಂಪು ಬೆಳಕಿನ ಬ್ಯಾಟರಿ, ಸೆಲ್ ಹಾಕಿದರೆ ಒದ್ದಾಡುವ ಬಟ್ಟೆಯ ಮೀನು, ಈ ಬೂದು ಇಲಿ.

ಗೆಜ್ಜೆಯ ಚೆಂಡು ಮೊದಲ ದಿನವೇ ಫ್ರಿಜ್ಜಿನ ಕೆಳಗೆ ಹೋಯಿತು. ಇನ್ನೂ ಅಲ್ಲೇ ಇದ್ದರೂ ಇರಬಹುದು. ಮೀನಿನದು ದೊಡ್ಡ ಕಥೆ. ನನ್ನ ಅಡಿಗೆಮನೆಯಲ್ಲಿ ಎಂದೂ ಮೀನು ಬಂದದ್ದಿಲ್ಲ. ಬಟ್ಟೆಯದಾದರೇನು, ಮೀನು ಮೀನೇ. ಕಪಾಟಿನಲ್ಲಿ ಮುಚ್ಚಿಟ್ಟೆ. ಮಧ್ಯಾಹ್ನ ಅದು ತಾನಾಗಿಯೇ ಒಳಗೆ ದಬದಬ ಬಡಿದುಕೊಳ್ಳತೊಡಗಿದಾಗ ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಾಗಿಲು ತೆರೆದರು. ಚಿವಡಾ ಅದನ್ನು ಒಮ್ಮೆ ಮೂಸಿ, ಇದನ್ನು ಯಾರಿಗೆ ತಂದಿರಿ ಎನ್ನುವಂತೆ ನನ್ನ ಮುಖ ನೋಡಿದಳು.

ಕೆಂಪು ಬೆಳಕು ಓಂಕಾರನಿಗೆ ಬಹಳ ಮೆಚ್ಚುಗೆಯಾಯಿತು. ಗೋಡೆಯ ಮೇಲೆ ಬೆಳಕು ಕುಣಿಸಿದ ಹಾಗೆ ಚಿವಡಾ ಕುಣಿದಳು. ಆದರೆ ಆಟ ಮುಗಿದು ಅವನು ಊಟಕ್ಕೆ ಹೋದ ಮೇಲೂ ಅವಳು ಗೋಡೆ ನೋಡುತ್ತಲೇ ಕುಳಿತಿದ್ದಳು. ಮರುದಿನವೂ ಅದೇ ಜಾಗದಲ್ಲಿ ಬೆಳಕನ್ನು ಹುಡುಕುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಅಷ್ಟು ಓಡಿದ ಮೇಲೆ ಕೈಗೆ ಏನಾದರೂ ಸಿಗಬೇಕಲ್ಲವೇ? ಬ್ಯಾಟರಿಯನ್ನು ನನ್ನ ದಿಂಬಿನ ಚೀಲದಲ್ಲಿ ಅಡಗಿಸಿಟ್ಟೆ. ಓಂಕಾರ, ನೀನು ಎರಡು ದಿನ ಹುಡುಕಿದ್ದು ಅದನ್ನೇ.

ಉಳಿದದ್ದು ಇಲಿ. ಅದನ್ನು ಅವಳು ಮೂಸಿಯೂ ನೋಡಲಿಲ್ಲ. ನೀವು ಅದನ್ನು ಅವಳ ಮೂತಿಗೇ ಒಗೆಯುತ್ತಿದ್ದಿರಿ, ಅವಳು ಮುಖ ತಿರುಗಿಸುತ್ತಿದ್ದಳು.

ಗುಟ್ಟು ತಿಳಿದದ್ದು ಕೌದಿಯಿಂದ. ಮಧ್ಯಾಹ್ನ ನಾನು ಹಳೆಯ ಸೀರೆಯ ತುಂಡು ಜೋಡಿಸಿ ನಿಮಗಾಗಿ ಕೌದಿ ಹೊಲಿಯುತ್ತಿದ್ದೆ. ಒಂದು ಉದ್ದನೆಯ ಪಟ್ಟಿ ಮಡಿಲಿನಿಂದ ಮೆಲ್ಲಗೆ ಜಾರಿತು. ನೋಡುತ್ತೇನೆ, ಕುರ್ಚಿಯ ಹಿಂದೆ ಎರಡು ಕಣ್ಣು. ಪಟ್ಟಿಯನ್ನು ನನ್ನ ಕಡೆಗೆ ತುಸು ಎಳೆದೆ. ಅವಳ ಹಿಂಬದಿ ಅಲುಗಾಡತೊಡಗಿತು. ಮೊಣಕಾಲಿನ ಹಿಂದೆ ಅಡಗಿಸಿ ತುದಿ ಮಾತ್ರ ಕಾಣುವಂತೆ ಬಿಟ್ಟೆ. ಹಾರಿ ಬಂದು ಹಿಡಿದಳು ನೋಡಿ, ನನ್ನ ಮೊಣಕಾಲು ಸಮೇತ.

ಆಗ ನನಗೆ ಊರ ಜೋಳದ ಕೋಣೆ ನೆನಪಾಯಿತು. ಇಲಿ ಎಲ್ಲಾದರೂ ಬೆಕ್ಕಿನ ಮೂತಿಗೆ ಬಂದು ಬೀಳುತ್ತದೆಯೇ? ಅದು ಗೋಡೆಯ ಬುಡ ಹಿಡಿದು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ, ಚೀಲದ ಹಿಂದೆ ನುಗ್ಗಿ ಬಾಲವನ್ನು ಮಾತ್ರ ಹೊರಗೆ ಮರೆತಿರುತ್ತದೆ. ಚಿಕ್ಕಂದಿನಲ್ಲಿ ನಾನು ಅದನ್ನು ಎಷ್ಟು ಸಲ ನೋಡಿಲ್ಲ! ಜೇಡರ ಬಲೆ ತೆಗೆಯುವ ಬಿದಿರು ಕೋಲನ್ನು ಅರ್ಧ ಮಾಡಿಸಿ, ತುದಿಗೆ ಸೀರೆಯ ಅಗಲವಾದ ಪಟ್ಟಿ ಗಟ್ಟಿಯಾಗಿ ಹೊಲಿದು, ಅದರ ತುದಿಗೆ ಇಲಿಯನ್ನು ಕಟ್ಟಿದೆ. ಸೂಜಿ, ದಾರ ಎರಡೂ ಬಿಸ್ಕತ್ತಿನ ಡಬ್ಬಿಗೆ ಸೇರಿದವು.

ಅವತ್ತಿನಿಂದ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನಾನು ಕೋಲು ಹಿಡಿದು ಪಡಸಾಲೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಅಡಿಗೆಮನೆಗೆ. ಕೊನೆಗೆ ಬೇಕೆಂದೇ ಸೋತು ಇಲಿಯನ್ನು ಅವಳಿಗೆ ಬಿಟ್ಟುಕೊಡುವುದು, ಕೂಡಲೇ ತಿನ್ನಲು ಹಾಕುವುದು. ತಿಂದು ಮೈ ನೆಕ್ಕಿಕೊಂಡು ಮಲಗಿದರೆ ಪರದೆಯ ನೆನಪೇ ಇಲ್ಲ. ಮೊಣಕಾಲು ನೋವಿಗೆ ನಡೆದಾಡಿರಿ ಎಂದು ನನ್ನ ಡಾಕ್ಟರ್ ಎಂದೋ ಹೇಳಿದ್ದರು. ಕೆಳಗೆ ಬಿಲ್ಡಿಂಗಿನ ಹೆಂಗಸರು ನಡೆಯುವ ಜಾಗವಿದೆ, ಆದರೆ ಅವರು ಮಾತಾಡಿಸಿದರೆ ಮರಾಠಿಯಲ್ಲಿ ಉತ್ತರ ಕೊಡಬೇಕಲ್ಲ. ಬೆಕ್ಕು ಮಾತಾಡಿಸುವುದಿಲ್ಲ. ಇಲಿ ಎಳೆಯುತ್ತ ಎಷ್ಟು ನಡೆದೆನೋ.

ಆಟಿಕೆಯನ್ನು ಆಟವಾದ ಮೇಲೆ ಒಳಗಿಡಬೇಕು ಎಂಬುದೂ ಆಗಲೇ ತಿಳಿಯಿತು. ದಿನವಿಡೀ ಎದುರಿಗೆ ಬಿದ್ದದ್ದು ಅವಳಿಗೆ ಕಲ್ಲಿಗೆ ಸಮ. ನಾಲ್ಕು ದಿನ ಮುಚ್ಚಿಟ್ಟು ತೆಗೆದರೆ ಹೊಸದು. ನನ್ನ ಎರಡು ರೇಷ್ಮೆ ಸೀರೆಗಳ ವಿಷಯದಲ್ಲಿ ನಾನೂ ಹೀಗೇ. ಮಂಚದ ಕಾಲಿಗೆ ಗೋಣಿತಟ್ಟು ಸುತ್ತಿದೆ, ಸೋಫಾ ಬದುಕಿತು. ಒಣಗಿದ ಹೀರೇಕಾಯಿ ಉರುಳಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತವೆ, ಫ್ರಿಜ್ಜಿನ ಕೆಳಗೆ ತೂರುವುದೂ ಇಲ್ಲ. ಊಟವನ್ನು ಬಟ್ಟಲಿನಲ್ಲಿ ಕೊಡದೆ ಪಡ್ಡಿನ ಹಂಚಿನ ಕುಳಿಗಳಲ್ಲಿ ಅವಳ ತಿನಿಸಿನ ಎರಡೆರಡು ಕಾಳು ಹಾಕಿ ಮೇಲೆ ಕಾಗದ ಮುಚ್ಚಿಟ್ಟೆ. ಒಂದೊಂದೇ ಕೆದರಿ ತಿನ್ನುವಷ್ಟರಲ್ಲಿ ಅವಳಿಗೆ ಒಂದು ಹೊತ್ತಿನ ಕೆಲಸ.

"ಅತ್ತಿ, ಪಡ್ಡಿನ ಹಂಚು ಎಲ್ಲದರಿ?" ನಿಮ್ಮ ಅಮ್ಮ ಒಂದು ಭಾನುವಾರ ಹಿಟ್ಟಿನ ಪಾತ್ರೆ ಹಿಡಿದು ಹುಡುಕಿದಳು.

"ಗ್ಯಾಲರ್‍ಯಾಗ ಅದ. ಚಿವಡಾ ಉಣ್ಣಾಕತ್ತಾಳ."

ಅವಳು ಹಿಟ್ಟು ನೋಡಿದಳು, ನನ್ನನ್ನು ನೋಡಿದಳು. "ಆತ್ರಿ. ನಾವು ದ್ವಾಸಿ ತಿನ್ನೂಣು."

ಹೀಗೆ ಗಣಪತಿಯ ಹಬ್ಬ ಬಂತು. ಚಿವಡಾ ಸುಧಾರಿಸಿದಳು ಎಂದು ವಿದ್ಯಾ ಬಾಯಿ ಬಿಟ್ಟು ಹೇಳಿರಲಿಲ್ಲ. ತಳೇಗಾಂವಕ್ಕೆ ಬಿಡುವುದಿಲ್ಲ ಎಂದೂ ಹೇಳಿರಲಿಲ್ಲ.

ನಮ್ಮ ಕಡೆ ಚೌತಿಯ ಮರುದಿನ ಇಲಿವಾರ. ಅವತ್ತು ಇಲಿಗೆ ಪೂಜೆ, ಎಡೆ. ಸೂಜಿ, ಕತ್ತರಿ ಮುಟ್ಟುವುದಿಲ್ಲ. ವರ್ಷವಿಡೀ ಕಾಳು, ಬಟ್ಟೆ ಕಡಿಯಬೇಡಪ್ಪ ಎಂದು ಬೇಡಿಕೊಳ್ಳುವುದು. ಪುಣೆಗೆ ಬಂದರೂ ನಾನು ಬಿಟ್ಟಿಲ್ಲ, ಗಣಪತಿಯ ಕಾಲ ಬಳಿಯ ಮಣ್ಣಿನ ಇಲಿಗೇ ಪೂಜೆ ಮಾಡುತ್ತಿದ್ದೆ. ಆದರೆ ಆ ವರ್ಷ ಓಂಕಾರ ಆರಿಸಿ ತಂದದ್ದು ತಬಲಾ ಬಾರಿಸುವ ಗಣಪತಿ. ಎರಡು ತಬಲಾ ಇತ್ತು, ಇಲಿ ಇರಲಿಲ್ಲ. ಈಗ ಏನು ಮಾಡುವುದು? ಚಿವಡಾಳ ಇಲಿಯನ್ನು ಕೋಲಿನಿಂದ ಬಿಚ್ಚಿ, ತೊಳೆದು ಒಣಗಿಸಿ, ಹಣೆಗೆ ಕುಂಕುಮ ಹಚ್ಚಿ ಮಂಟಪದಲ್ಲಿ ಕೂಡಿಸಿದೆ.

"ಅಜ್ಜಿ, ಅದು ಚಿವಡಾಂದು," ಅಂದಳು ಅನಘಾ.

"ಇವತ್ತ ದೇವರದು."

ಪೂಜೆಗೆ ಇಟ್ಟದ್ದು ಆಟಕ್ಕಲ್ಲ. ಮರುದಿನ ತೆಗೆಯಲು ಕೈ ಬರಲಿಲ್ಲ. ಗಣಪತಿ ಹೋಗುವ ತನಕ ಅಲ್ಲೇ ಇರಲಿ ಅಂದೆ. ಚಿವಡಾ ಮಂಟಪದ ಮುಂದೆ ಬಂದು ಕುಳಿತಳು. ಕಣ್ಣು ಮಿಟುಕಿಸದೆ ಮೇಲೆ ನೋಡುವುದೇ ನೋಡುವುದು. "ಅವ್ವಾ, ಆಕಿಗೆ ಭಾಳ ಭಕ್ತಿ ಬಂದದ," ಅಂದ ನಿಮ್ಮ ಅಪ್ಪ. ನಾವೆಲ್ಲ ನಕ್ಕೆವು. ನನಗಾದರೂ ಹೊಳೆಯಬೇಕಿತ್ತು.

ಗೌರಿ ಬಂದ ಮೇಲೆ ಹಳದಿ ಕುಂಕುಮ, ನಮ್ಮ ಅರಿಶಿನ ಕುಂಕುಮವೇ. ವಿದ್ಯಾ ಗಣಪತಿಯ ಮಗ್ಗುಲಲ್ಲೇ ಗೌರಿಯರನ್ನು ನಿಲ್ಲಿಸಿ, ತನ್ನ ಮದುವೆಯ ಸೀರೆ ಉಡಿಸಿ, ಸುತ್ತಲೂ ದೀಪ ಇಟ್ಟಿದ್ದಳು. ಸಂಜೆ ಬಿಲ್ಡಿಂಗಿನ ಹೆಂಗಸರೆಲ್ಲ ಬರುವವರು. "ಅತ್ತಿ, ಇವತ್ತೊಂದು ಏನೂ ಆಗದಂಗ ನೋಡ್ಕೋರಿ," ಅಂದಳು. ನಾನು, "ಆಕಿನ್ನ ಕರ್ಕೊಂಡು ಒಳಗ ಕೂಡ್ತೀನಿ" ಅಂದೆ. ನಿಮ್ಮ ಅಜ್ಜ ಹೋದ ಮೇಲೆ ಪ್ರತಿ ವರ್ಷ ಆ ದಿನ ನಾನು ಒಳಗಿನ ಕೋಣೆಯಲ್ಲೇ ಇರುತ್ತಿದ್ದೆ. ಮೊದಲೆಲ್ಲ ತಲೆನೋವು ಎಂದು ಹೇಳುತ್ತಿದ್ದೆ. ಆ ವರ್ಷ ಬೆಕ್ಕು ಇತ್ತು, ತಲೆಯನ್ನು ನೋಯಿಸಬೇಕಾಗಲಿಲ್ಲ.

ಇಲಿ ಇಲ್ಲದ ಕೋಲಿನಲ್ಲಿ ಬರಿಯ ಪಟ್ಟಿ ಆಡಿಸುತ್ತ ಕುಳಿತಿದ್ದೆ. ಹೊರಗೆ ಬಳೆಯ ಸದ್ದು, ನಗೆ. ಓಂಕಾರ ನನಗೆ ತಿನ್ನಲೆಂದು ಕರಂಜಿಯ ತಟ್ಟೆ ಹಿಡಿದು ಬಾಗಿಲು ತೆರೆದ. ಅವನ ಕಾಲುಗಳ ನಡುವಿನಿಂದ ಚಿವಡಾ ಹೊರಗೆ.

ಪಡಸಾಲೆಯಲ್ಲಿ ಮಾತು ನಿಂತಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಚಿವಡಾ ಮಂಟಪದ ಮುಂದೆ ನೆಲಕ್ಕೆ ಅಂಟಿಕೊಂಡಿದ್ದಳು, ಕಣ್ಣು ತನ್ನ ಇಲಿಯ ಮೇಲೆ, ಹಿಂಬದಿ ಅಲುಗಾಡುತ್ತಿತ್ತು. ಇಲಿಯ ಈಚೆ ದೀಪ, ಆಚೆ ರೇಷ್ಮೆ ಸೀರೆ. "ಕುಣೀ ಹಲೂ ನಕಾ," ವಿದ್ಯಾ ಪಿಸುಗುಟ್ಟಿದಳು. ಯಾರೂ ಅಲುಗಾಡಲಿಲ್ಲ. ಯಾರಾದರೂ ಹಿಡಿಯಲು ಹೋದರೆ ಹಾರುವುದೇ ಖರೆ. ಹಾರಿದರೆ ದೀಪ ಸೀರೆಗೆ, ಚಿವಡಾ ತಳೇಗಾಂವಕ್ಕೆ.

ಆಗ ನಾನು ಏನು ಯೋಚಿಸಿದೆನೋ ನೆನಪಿಲ್ಲ. ಬಹುಶಃ ಯೋಚಿಸಲಿಲ್ಲ. ಮೊಣಕಾಲೂರಿ, ಹೆಂಗಸರ ಕುರ್ಚಿಗಳ ಹಿಂದೆ, ಗೋಡೆಯ ಬುಡ ಹಿಡಿದು ಹೊರಟೆ. ಕೋಲನ್ನು ಮುಂದೆ ಚಾಚಿ ಪಟ್ಟಿಯನ್ನು ನೆಲದ ಮೇಲೆ ಸರ್ರನೆ ಎಳೆದೆ, ನಿಲ್ಲಿಸಿದೆ. ಚಿವಡಾಳ ಒಂದು ಕಿವಿ ಈಚೆ ತಿರುಗಿತು. ಜಮಖಾನೆಯ ಅಂಚಿನ ಕೆಳಗೆ ಪಟ್ಟಿ ತೂರಿಸಿ ತುದಿ ಮಾತ್ರ ಬಿಟ್ಟೆ, ತುಸು ನಡುಗಿಸಿದೆ. ಮೇಲಿನ ಇಲಿ ದೇವರ ಮಗ್ಗುಲಲ್ಲಿ ಗಟ್ಟಿಯಾಗಿ ಕುಳಿತಿತ್ತು. ಕೆಳಗಿನದು ಓಡಿಹೋಗುತ್ತಿತ್ತು. ಬೆಕ್ಕಿಗೆ ಬೇಕಾದದ್ದು ಯಾವುದು? ತಿರುಗಿ ಹಾರಿದಳು. ನಾನು ಎಳೆಯುತ್ತ ಹಿಂದೆ ಸರಿದೆ, ಅವಳು ಬೆನ್ನಟ್ಟಿದಳು. ಯಾರದೋ ನಿರಿಗೆಯ ಪಕ್ಕ, ಯಾರದೋ ಕಾಲ ಕೆಳಗೆ, ಕುರ್ಚಿಯ ಸುತ್ತ. ಬಾಗಿಲ ಹತ್ತಿರ ಬಂದೊಡನೆ ಕೋಲನ್ನೇ ಒಳಗೆ ಒಗೆದೆ. ಅವಳು ನುಗ್ಗಿದಳು. ಓಂಕಾರ ಧಡ್ಡನೆ ಬಾಗಿಲು ಹಾಕಿದ.

ಒಳಗೆ ಬೆಕ್ಕು. ಹೊರಗೆ ನಾನು, ನಾಲ್ಕು ಕಾಲಿನ ಮೇಲೆ, ಸೆರಗು ಹೆಗಲಿನಿಂದ ಜಾರಿ, ಇಡೀ ಬಿಲ್ಡಿಂಗಿನ ಹೆಂಗಸರ ಎದುರಿಗೆ.

ಆಮೇಲೆ ಮೂರನೆಯ ಮಹಡಿಯ ಮಾಲತಿ ಕಾಕು, "ಆಜೀ, ಪರತ ಏಕದಾ ದಾಖವಾ ಕೀ" ಅಂದರು. ಇನ್ನೊಮ್ಮೆ ತೋರಿಸಿ ಅಂತ. ಪಡಸಾಲೆಯೆಲ್ಲ ನಕ್ಕಿತು. ನನ್ನ ಸೊಸೆಯೂ ಮಂಟಪದ ಕಂಬ ಹಿಡಿದುಕೊಂಡು ನಕ್ಕಳು. ನಾನು ಓಡಿಹೋಗಬೇಕೆಂದರೆ ಬಾಗಿಲ ಹಿಂದೆ ಓಂಕಾರ ಒತ್ತಿ ನಿಂತಿದ್ದ. ಮಾಲತಿ ಕಾಕು ನನ್ನ ಕೈ ಹಿಡಿದು ಎಬ್ಬಿಸಿ, ಪಕ್ಕದ ಕುರ್ಚಿ ತಟ್ಟಿ, "ಬಸಾ" ಅಂದರು. ಕುಳಿತೆ.

ಕುಳಿತ ಮೇಲೆ ಕಂಡೆ. ಹಿಂದಿನ ವರ್ಷ ಅವರ ಯಜಮಾನರು ತೀರಿಕೊಂಡಾಗ ನಾವೆಲ್ಲ ಹೋಗಿ ಬಂದಿದ್ದೆವು. ಈಗ ಅವರು ಹಣೆಗೆ ಎಂದಿನಂತೆ ಕುಂಕುಮ ಇಟ್ಟುಕೊಂಡು, ಎಲ್ಲರ ನಡುವೆ ಚಕ್ಕುಲಿ ಮುರಿಯುತ್ತ ಕುಳಿತಿದ್ದರು. ಯಾರೂ ಅವರಿಗೆ ಏನೂ ಅಂದಿರಲಿಲ್ಲ. ಹಾಗೆ ನೋಡಿದರೆ ನನಗೂ ಯಾರೂ ಏನೂ ಅಂದಿರಲಿಲ್ಲ.

ಅವತ್ತು ನನ್ನ ಮರಾಠಿ ಹೊರಗೆ ಬಂತು. ಎರಡನೆಯ ಮಹಡಿಯವಳ ಮನೆಯಲ್ಲೂ ಬೆಕ್ಕಿದೆಯಂತೆ, ಅದೂ ಪರದೆ ಹರಿಯುತ್ತದಂತೆ. ಇಲಿ ಬೆಕ್ಕಿನ ಕಡೆಗೆ ಬರುವುದಿಲ್ಲ, ಬೆಕ್ಕಿನಿಂದ ದೂರ ಹೋಗಬೇಕು, ಎಂದು ಅರ್ಧ ಮರಾಠಿ, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ಹೇಳಿಕೊಟ್ಟೆ. ತಪ್ಪು ಮಾತಾಡಿದಾಗ ನಕ್ಕರು. ನಾನೂ ನಕ್ಕೆ.

ಗೌರಿ, ಗಣಪತಿ ಹೋದ ಸಂಜೆ ವಿದ್ಯಾ ಸೀರೆ ಮಡಚುತ್ತಿದ್ದಳು. ಓಂಕಾರ, ನೀನೇ ಕೇಳಿದೆ, "ಅಮ್ಮಾ, ಚಿವಡಾ ತಳೇಗಾಂವಕ್ಕ?"

ಅವಳು ತಲೆ ಎತ್ತದೆ ಅಂದಳು, "ಆಕಿನ್ನೆಲ್ಲಿ ಕಳಸೂದೋ. ಆಕಿನ್ನ ಕಳಸಿದ್ರ ನಿಮ್ಮಜ್ಜಿ ಮತ್ತ ಒಳಗ ಹೋಗಿ ಕೂಡ್ತಾರ."

ನಾನು ಉಳ್ಳಾಗಡ್ಡಿ ಹುಡುಕಲು ಅಡಿಗೆಮನೆಗೆ ಹೋದೆ.

ಕಾಯಿದೆಯ ಪ್ರಕಾರ ಈ ಇಲಿ ಗಣಪತಿಯ ಜೊತೆ ನೀರಿಗೆ ಹೋಗಬೇಕಿತ್ತು. ನಿಮ್ಮ ಅಪ್ಪ ಕೆಳಗಿನ ನೀರಿನ ಹೌದಿಗೆ ಗಣಪತಿಯನ್ನು ಒಯ್ಯುವಾಗ ನಾನು ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದೇವರ ಕೆಲಸ ಮುಗಿಯಿತು, ಇನ್ನು ನಿನ್ನ ಕೆಲಸಕ್ಕೆ ಹೋಗು ಎಂದು ಮತ್ತೆ ಕೋಲಿಗೆ ಕಟ್ಟಿದೆ. ನಮ್ಮವ್ವ ಇದ್ದಿದ್ದರೆ ಬೈಯುತ್ತಿದ್ದಳು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮೊದಲು ಚಿವಡಾಳಿಂದ ಕಾಪಾಡಿ. ಹಾಳೆಯ ಸರಸರ ಸದ್ದು ಅವಳಿಗೆ ಎಲ್ಲ ಆಟಿಕೆಗಿಂತ ಹೆಚ್ಚು. ಎರಡನೆಯ ಪುಟದ ಮೂಲೆಯಲ್ಲಿರುವ ತೂತುಗಳು ಅವಳ ಹಲ್ಲಿನವು. ಆದರೆ ಅವಳಿಗೆ ಹೆದರಿ ಒಳಗಿನ ಕೋಣೆಯ ಟ್ರಂಕಿಗೆ ಹಾಕಬೇಡಿ. ಪಡಸಾಲೆಯ ಗಾಜಿನ ಕಪಾಟಿನಲ್ಲೇ ಇಡಿ. ನಾಲ್ಕು ಜನ ಬಂದಾಗ ಕಾಣಲಿ.